ಆ ತಾಯಿ ಹೇಳದ ಮಾತು

“ಈ ಮಾತನ್ನ ಆ ತಾಯಿ ಹೇಳೇ ಇಲ್ಲ!”

ವಿಶ್ವವಿದ್ಯಾಲಯದ ತುಂಬಿದ ಸಭೆಯಲ್ಲಿ ಅವಳು ಪ್ರಬಂಧ ಮಂಡಿಸಿದ ಮೇಲೆ ಹೊಸ ಮೇಷ್ಟ್ರು ಎದ್ದು ನಿಂತು ಹೀಗೆಂದಾಗ ಅವಳ ಮುಖ ಬಿಳಿಚಿಕೊಂಡಿತು. ಮೊದಲ ಭೇಟಿಯಲ್ಲೇ ಮಾನ ಹರಾಜು ಹಾಕಿದನಲ್ಲ, ಪುಣ್ಯಾತ್ಮ!

ಮಕ್ಕಳನ್ನು ಕಳೆದುಕೊಂಡ ತಾಯಂದಿರ ಬಗ್ಗೆ ಅವಳ ಸಂಶೋಧನೆ. ಸಹಾಯಕಿಯೊಬ್ಬಳು ಮಾಡಿ ತಂದಿದ್ದ ಅವರ ಧ್ವನಿಮುದ್ರಣಗಳನ್ನು ವಿಭಾಗ ಹೊಸದಾಗಿ ತಂದಿದ್ದ ಎಐ ಯಂತ್ರ ಬರಹಕ್ಕಿಳಿಸಿ ಕೊಟ್ಟಿತ್ತು. ಗಾಡಿ ಓಡಿಸುತ್ತಾ ಅಪಘಾತ ಮಾಡಿ ಮಗನ ಸಾವಿಗೆ ಕಾರಣನಾದ ಅವನ ಗೆಳೆಯನ ಬಗ್ಗೆ ಒಬ್ಬ ತಾಯಿ, ‘ಅವನನ್ನ ಕ್ಷಮಿಸಿದೀನಿ’ ಎಂದಿದ್ದಾರೆಂದು ಅದರಲ್ಲಿತ್ತು. ಇಡೀ ಅಧ್ಯಾಯ ನಿಂತಿದ್ದೇ ಆ ಮಾತಿನ ಮೇಲೆ.

ಅವನು ವಿಭಾಗದಲ್ಲಿದ್ದ ಮೂಲ ಧ್ವನಿಮುದ್ರಣ ಹಾಕಿದ. ‘ಅವನನ್ನ ಕ್ಷಮಿಸಿದೀರಾ?’ ಎಂಬ ಸಹಾಯಕಿಯ ಪ್ರಶ್ನೆ... ಆಮೇಲೆ ಬರೀ ಫ್ಯಾನಿನ ಸದ್ದು. ಆ ತಾಯಿ ತುಟಿ ಬಿಚ್ಚಿರಲೇ ಇಲ್ಲ. ಯಂತ್ರ ತನಗೆ ತೋಚಿದ್ದನ್ನು ಅಲ್ಲಿ ತುಂಬಿಬಿಟ್ಟಿತ್ತು.

‘ಹಿರಿಯರ ಮುಂದೆ ಮಿಂಚೋಕೆ ನಾನೇ ಬೇಕಿತ್ತಾ?’ ಎಂದು ಅವಳು ಒಳಗೊಳಗೇ ಕುದಿದಳು.

“ಯಂತ್ರ ಬಳಸೋದನ್ನ ಕಲಿಸದೇ ಕೈಗೆ ಕೊಟ್ಟಿದ್ದು ನಮ್ಮ ತಪ್ಪೂ ಹೌದಮ್ಮ,” ಎಂದರು ವಿಭಾಗದ ಮುಖ್ಯಸ್ಥೆ. “ಇಬ್ರೂ ಕೂತು ಎಲ್ಲಾನೂ ಮತ್ತೆ ಕೇಳಿ ತಾಳೆ ನೋಡಿ.”

ಮುಖ ಗಂಟು ಹಾಕಿಕೊಂಡೇ ಕೂತಳು. ಆದರೆ ಒಬ್ಬೊಬ್ಬ ತಾಯಿಯ ಅಳು ಕೇಳಿದಾಗಲೂ ಅವನು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದ. ಅಂಥವನ ಮೇಲೆ ಎಷ್ಟು ದಿನ ಅಂತ ಸಿಟ್ಟು ಹಿಡಿದಿಟ್ಟುಕೊಳ್ಳುವುದು?

“ಒಂದ್ಸಲನಾದ್ರೂ ಈ ಧ್ವನಿಮುದ್ರಣ ನೀವೇ ಕೇಳ್ಬೇಕಿತ್ತಲ್ವಾ?” ಎಂದ ಒಂದು ದಿನ, ಮೆಲ್ಲಗೆ.

“ನಮ್ಮಣ್ಣನೂ ಹೀಗೇ ಅಪಘಾತದಲ್ಲಿ ಹೋಗಿದ್ದು ಸರ್... ಕೇಳೋ ಧೈರ್ಯ ಬರ್ಲಿಲ್ಲ. ಯಾರೋ ಒಬ್ರು ಕ್ಷಮಿಸಿದಾರೆ ಅಂದ ತಕ್ಷಣ ನಂಬಿಬಿಟ್ಟೆ.”

ಮರುದಿನ ಇಬ್ಬರೂ ಆ ತಾಯಿಯ ಮನೆಗೆ ಹೋದರು.

“ಅಮ್ಮಾ, ತಪ್ಪಾಯ್ತು. ನೀವು ಆಡದ ಮಾತನ್ನ ನೀವೇ ಆಡಿದ್ದು ಅಂತ ಬರೆದ್ಬಿಟ್ಟೆ.”

ಅವಳು ಚಾಚಿದ ಹಾಳೆಯಲ್ಲಿನ ಆ ಸಾಲಿನ ಮೇಲೆ ಅವರು ಬೆರಳಾಡಿಸಿದರು.

“ಈ ಮಾತು ನನ್ನ ಬಾಯಿಗೆ ಬಂದಿದ್ರೆ ಎಷ್ಟು ಹಗುರಾಗ್ತಿದ್ದೆ, ಮಗಳೇ... ಬರೋದೇ ಇಲ್ವಲ್ಲ! ಅಳಿಸ್ಬಿಡು.”

ಬೀದಿಗೆ ಬಂದದ್ದೇ ತಡ, ಅವಳು ಬಿಕ್ಕಿ ಬಿಕ್ಕಿ ಅತ್ತಳು. ಅಣ್ಣ ಹೋದಾಗಲೂ ಹಾಗೆ ಅತ್ತಿರಲಿಲ್ಲ.

“ಅವತ್ತು ಎಲ್ಲರ ಮುಂದೆ ಹೇಳಿದ್ದು ನನ್ನ ತಪ್ಪು,” ಎಂದ ಅವನು. “ಮೊದಲೇ ಹೇಳೋಣ ಅಂತ ನಿಮ್ಮ ಕೋಣೆ ಬಾಗಿಲವರೆಗೂ ಬಂದಿದ್ದೆ. ನೀವು ನಗ್ತಾ ಇದ್ರಿ... ವಾಪಸ್ ಹೋದೆ.”

“ಈಗ ನನ್ನನ್ನ ಅಳಿಸಿದ್ರಲ್ಲ!”

“ಅದಕ್ಕೇ ನಿಮ್ಮನ್ನ ಬಿಟ್ಟು ಹೋಗೋಕೆ ಆಗ್ತಿಲ್ಲ. ನೀವಂದ್ರೆ ನಂಗೆ ತುಂಬಾ ಇಷ್ಟ. ಅಧ್ಯಾಯ ಮತ್ತೆ ಬರೆಯೋವರೆಗೂ... ಆಮೇಲೂ, ಜೊತೆಗಿರ್ಲಾ?”

ಅವಳು ಉತ್ತರಿಸಲಿಲ್ಲ. ಅವನು ಮತ್ತೆ ಕೇಳಲೂ ಇಲ್ಲ.

“ಸುಮ್ನಿದೀನಲ್ಲ, ಒಪ್ಪಿದೀನಿ ಅಂದ್ಕೊಂಡ್ರಾ?” ಎಂದಳು ಕೊನೆಗೆ.

“ಏನೂ ಅಂದ್ಕೊಂಡಿಲ್ಲ. ನೀವು ಹೇಳೋವರೆಗೂ ಕಾಯ್ತೀನಿ.”

ಅವಳು ಕಣ್ಣೀರೊರೆಸಿದ ಒದ್ದೆ ಕೈಯಿಂದಲೇ ಅವನ ಕೈ ಹಿಡಿದಳು.

“ಒಪ್ಪಿದೀನಿ. ಇದನ್ನ ನಾನೇ ಹೇಳ್ತಿದೀನಿ.”