ಬಾಗಿಲ ಕಡೆ ತಿರುಗಿದ್ದ ನೀಲಿ ಚಪ್ಪಲಿ

2025ರ ಫೆಬ್ರವರಿ 18, ಮಂಗಳವಾರ. ಸಂಜೆ 4 ಗಂಟೆ 40 ನಿಮಿಷಕ್ಕೆ ನ್ಯೂಜೆರ್ಸಿಯ ಸಮರ್‌ಸೆಟ್‌ನಲ್ಲಿರುವ ಪೊಲೀಸ್ ಠಾಣೆಗೆ ಒಬ್ಬ ಹೆಂಗಸು ಬಂದು, ಮನೆಯಲ್ಲಿ ಕಳ್ಳತನವಾಗಿದೆ ಎಂದು ದೂರು ಕೊಟ್ಟರು. ಹೆಸರು ಒಲೆನಾ ಶೆಪೆಲ್. ವಯಸ್ಸು ಐವತ್ನಾಲ್ಕು. ಹುಟ್ಟಿದ್ದು ಉಕ್ರೇನಿನ ಹಾರ್ಕಿವ್‌ನಲ್ಲಿ. ಈಗ ಮ್ಯಾನ್‌ಹಟನ್ನಿನ ಒಂದು ಇನ್ವೆಸ್ಟ್‌ಮೆಂಟ್ ಬ್ಯಾಂಕಿನಲ್ಲಿ ಅರ್ಥಶಾಸ್ತ್ರಜ್ಞೆ.

"ಏನೇನು ಹೋಗಿದೆ?" ಡಿಟೆಕ್ಟಿವ್ ಮಂಜೇಶ್ ಕೇಳಿದ.

"ಒಂದು ಪುಸ್ತಕ. ನಾನೇ ಕೈಯಲ್ಲಿ ಬರೆದದ್ದು. ಹಸಿರು ರಟ್ಟು."

"ಜ್ಯುವೆಲರಿ? ಲ್ಯಾಪ್‌ಟಾಪ್?" ಪಕ್ಕದಲ್ಲಿದ್ದ ಆಫೀಸರ್ ಅನಿಕಾ ಕೇಳಿದಳು.

"ಎಲ್ಲ ಇದ್ದಲ್ಲೇ ಇದೆ. ನನಗೆ ಭಯ ಆಗಿರೋದೇ ಅದಕ್ಕೆ."

ಮಂಜೇಶ್ ಹಾಸನದಲ್ಲಿ ಹುಟ್ಟಿ ಹನ್ನೊಂದನೇ ವಯಸ್ಸಿಗೆ ಇಲ್ಲಿಗೆ ಬಂದವನು. ಎಫ್‌ಐಆರ್ ಎಂಬ ಮಾತು ಇಲ್ಲಿಲ್ಲ. ಇನ್ಸಿಡೆಂಟ್ ರಿಪೋರ್ಟ್ ಅನ್ನುತ್ತಾರೆ. ಅದರಲ್ಲಿ 'ಒಂದು ಪುಸ್ತಕ' ಎಂದು ಬರೆದುಕೊಂಡು, "ಅದರಲ್ಲಿ ಅಂಥದ್ದೇನಿದೆ, ಹೇಳಿ ಮೇಡಂ" ಎಂದ.

ಒಲೆನಾ ಹೇಳಿದರು. ಹಾರ್ಕಿವ್‌ನಲ್ಲಿ ಪಾಠ ಹೇಳುತ್ತಿದ್ದಾಗ ಶುರುಮಾಡಿದ ಪುಸ್ತಕವಂತೆ. ಆಮೇಲೆ ಕೀವ್‌ನ ಬ್ಯಾಂಕು, ಲಂಡನ್, ನ್ಯೂಯಾರ್ಕ್, ಇಪ್ಪತ್ತೊಂದು ವರ್ಷ. ಯಾವ ದೇಶದಲ್ಲಿ ಬೆಲೆ ಏರುತ್ತದೆ, ಎಲ್ಲಿ ಇಳಿಯುತ್ತದೆ ಎಂಬ ಅಂದಾಜನ್ನು ಮೊದಲು ತಾರೀಖು ಹಾಕಿ ಅದರಲ್ಲಿ ಬರೆಯುವುದು, ಕಂಪ್ಯೂಟರ್ ತೆರೆಯುವುದು ಆಮೇಲೆ. ಅಂದಾಜು ನಿಜವಾದರೆ ಸರಿ ಗುರುತು, ಸುಳ್ಳಾದರೆ ತಪ್ಪು ಗುರುತು.

"ಕಂಪ್ಯೂಟರ್‌ಗೆ ಸಾಹೇಬರಿಗೆ ಬೇಕಾದ ಉತ್ತರ ಹೇಳೋಕೆ ಕಲಿಸಬಹುದು. ಪೆನ್ನಿಗೆ ಕಲಿಸೋಕಾಗಲ್ಲ" ಎಂದರು.

ಜನವರಿಯಲ್ಲಿ ಒಲೆನಾ ಹೆಸರಿನಲ್ಲಿ ಬ್ಯಾಂಕಿನ ಗ್ರಾಹಕರಿಗೆ ಹೋದ ವರದಿಯಲ್ಲಿ ಒಂದು ದೇಶದ ಹಣದುಬ್ಬರ ಶೇಕಡಾ ಎಂಟಾಗುತ್ತದೆ ಎಂದು ತಪ್ಪಾಗಿ ಅಚ್ಚಾಗಿತ್ತು. ಅದಕ್ಕೂ ಮೊದಲೇ ಒಲೆನಾ ಪುಸ್ತಕದಲ್ಲಿ ಬರೆದದ್ದು ಐದು. ಕಂಪ್ಯೂಟರಿನ ಕಡತಗಳಲ್ಲೆಲ್ಲ ಈಗ ಎಂಟೇ ಇದೆ, ಐದಕ್ಕೆ ಉಳಿದ ಸಾಕ್ಷಿ ಆ ಪುಸ್ತಕವೊಂದೇ. ಒಲೆನಾ ಬೇಕೆಂದೇ ಗ್ರಾಹಕರ ದಾರಿ ತಪ್ಪಿಸಿದರು ಎಂಬ ಆರೋಪದ ಮೇಲೆ ಶುಕ್ರವಾರ ಬೆಳಗ್ಗೆ ಹತ್ತಕ್ಕೆ ಬ್ಯಾಂಕಿನಲ್ಲಿ ವಿಚಾರಣೆ.

"ಪುಸ್ತಕ ಸಿಗದಿದ್ದರೆ?"

"ಈ ವಯಸ್ಸಲ್ಲಿ, ಈ ಆರೋಪ ಹೊತ್ತವಳನ್ನ ಯಾವ ಬ್ಯಾಂಕೂ ಒಳಗೆ ಬಿಡಲ್ಲ."

ಸಂಜೆ 5 ಗಂಟೆ 25 ನಿಮಿಷಕ್ಕೆ ಒಲೆನಾ ಅವರ ಮನೆಯಲ್ಲಿ ಸ್ಥಳ ಪರಿಶೀಲನೆ. ಊರಿನಲ್ಲಾಗಿದ್ದರೆ ಪಂಚನಾಮೆಗೆ ಇಬ್ಬರು ಪಂಚರನ್ನು ಹುಡುಕಬೇಕಿತ್ತು. ಇಲ್ಲಿ ಅನಿಕಾಳ ಎದೆಯ ಮೇಲಿನ ಕ್ಯಾಮೆರಾವೇ ಪಂಚ. ಬೀಗ ಒಡೆದಿರಲಿಲ್ಲ. ಬಾಗಿಲ ಒಳಗಿನ ಕಪ್ಪು ಮ್ಯಾಟಿನ ಮೇಲೆ ಎರಡು ದೊಡ್ಡ ಬೂಟುಗಳ ಅಚ್ಚು ಬೆಳ್ಳಗೆ ಒಣಗಿತ್ತು. ಹಿಮ ಕರಗಲೆಂದು ರಸ್ತೆಗೆ ಸುರಿದ ಉಪ್ಪು ಅದು. ಮ್ಯಾಟು ದಾಟಿದರೆ ಕಾರ್ಪೆಟ್ಟಿನ ಮೇಲೆ ಒಂದು ಕಲೆಯೂ ಇಲ್ಲ.

"ಬೂಟು ಬಿಚ್ಚಿಟ್ಟು ಒಳಗೆ ಬಂದಿದ್ದಾನೆ" ಎಂದ ಮಂಜೇಶ್.

"ಕಳ್ಳನಾ? ಕಮಾನ್, ಅಂಕಲ್!" ಎಂದ ಅನಿಕಾ ನಾಲಿಗೆ ಕಚ್ಚಿಕೊಂಡು, "ಸಾರಿ, ಸರ್" ಎಂದಳು.

ಗೋಡೆಯ ಪಕ್ಕ ನಾಲ್ಕು ಜೊತೆ ಬಟ್ಟೆ ಚಪ್ಪಲಿಗಳು ಸಾಲಾಗಿದ್ದವು. ಅತಿಥಿಗಳಿಗಂತೆ. ಉಕ್ರೇನಿನ ಮನೆಗಳಲ್ಲಿ ಬಂದವರಿಗೆ ಮೊದಲು ಚಪ್ಪಲಿ, ಆಮೇಲೆ ಚಹಾ.

"ಈ ನೀಲಿ ಜೊತೆ ಮಾತ್ರ ಬಾಗಿಲ ಕಡೆ ತಿರುಗಿದೆಯಲ್ಲ?" ಮಂಜೇಶ್ ಕೇಳಿದ.

ಒಲೆನಾ ನೋಡಿದರು. "ಬಂದವರು ಕಾಲು ಹಾಕೋಕೆ ಸುಲಭ ಆಗಲಿ ಅಂತ ನಾನು ಎಲ್ಲವನ್ನೂ ಒಳಮುಖವಾಗಿ ಇಡ್ತೀನಿ. ಹೊರಗೆ ಹೋಗುವವರು ಕಳಚಿಟ್ಟರೆ ಹೀಗಾಗತ್ತೆ." ದನಿ ಇಳಿಯಿತು. "ಅದು ಹನ್ನೆರಡನೇ ಸೈಜು, ಎಲ್ಲಕ್ಕಿಂತ ದೊಡ್ಡದು. ಒಬ್ಬನಿಗೋಸ್ಕರ ತಂದದ್ದು. ಸಮರ್ಥ್. ನನ್ನ ಕೈಕೆಳಗಿನ ಅನಲಿಸ್ಟ್. ನಾನು ಊರಲ್ಲಿಲ್ಲದಾಗ ಗಿಡಕ್ಕೆ ನೀರು ಹಾಕಲಿ ಅಂತ ಕೀ ಕೊಟ್ಟಿದ್ದೆ. ಅವನಲ್ಲ. ಅವನಾಗಿರಲಾರ."

ಇನ್ನೊಂದು ಕೀ ಇದ್ದದ್ದು ಕಟ್ಟಡ ನೋಡಿಕೊಳ್ಳುವ ಟೋನಿಯ ಬಳಿ. ಮಂಜೇಶ್ ಅವನನ್ನೂ ಕೇಳಿದ.

"ನಾನಾ? ಬೂಟು ಬಿಚ್ಚೋದಾ?" ಟೋನಿ ನಕ್ಕ. "ನನ್ನ ಹೆಂಡತಿ ಇಪ್ಪತ್ತು ವರ್ಷದಿಂದ ಅದನ್ನೇ ಕೇಳ್ತಿದ್ದಾಳೆ!"

"ಇವತ್ತು ಯಾರಾದರೂ ಬಂದಿದ್ದರಾ?"

"ಯಾರೂ ಇಲ್ಲ. ಆ ಗಿಡದ ಮನುಷ್ಯ, ಉದ್ದಕ್ಕಿದ್ದಾನಲ್ಲ, ಹನ್ನೊಂದಕ್ಕೆ ಬಂದು ಹೋದ. ಅವನನ್ನ ಯಾರು ಲೆಕ್ಕಕ್ಕೆ ತಗೋತಾರೆ?"

ಬುಧವಾರ ಬೆಳಗ್ಗೆ 8 ಗಂಟೆ 15 ನಿಮಿಷಕ್ಕೆ, ಎರಡು ಮೈಲಿ ಆಚೆಯ ಅಪಾರ್ಟ್‌ಮೆಂಟಿನಲ್ಲಿ, ತುಂಬು ಗರ್ಭಿಣಿಯೊಬ್ಬಳು ಬಾಗಿಲು ತೆರೆದಳು. ಸಮರ್ಥನ ಹೆಂಡತಿ ಇಂಚರಾ. ಕನ್ನಡ ಕೇಳಿದ್ದೇ ಅವಳ ಮುಖ ಅರಳಿತು.

"ಅಯ್ಯೋ, ನಮ್ಮೋರಾ! ಬನ್ನಿ ಸರ್, ಶೂಸ್ ಪರವಾಗಿಲ್ಲ. ಕಾಫಿ ಮಾಡ್ಲಾ?"

"ಬೇಡಮ್ಮ, ಡ್ಯೂಟಿ" ಎಂದ ಮಂಜೇಶ್, ಮ್ಯಾಟು ದಾಟದೆ. ರ‍್ಯಾಕಿನಲ್ಲಿ ಹನ್ನೆರಡನೇ ಸೈಜಿನ ಬೂಟಿಗೆ ಉಪ್ಪಿನ ಗೆರೆ ಹಿಡಿದಿತ್ತು. ಸಮರ್ಥ್ ಹೊರಗೆ ಬಂದ. ಉತ್ತರ ಕೊಡದೆ ಇರಬಹುದು, ವಕೀಲರನ್ನು ಕರೆಸಬಹುದು ಎಂದು ಮಂಜೇಶ್ ಅವನ ಹಕ್ಕುಗಳನ್ನು ಓದಿ ಹೇಳಿದ.

"ನೆನ್ನೆ ಹನ್ನೊಂದಕ್ಕೆ ಎಲ್ಲಿದ್ರಿ?"

"ವರ್ಕ್ ಫ್ರಮ್ ಹೋಮ್, ಸರ್."

"ಒಲೆನಾ ಅವರ ಮನೆಗೆ ಹೋಗಿದ್ರಂತೆ?"

"ಹಾಂ... ಗಿಡಕ್ಕೆ ನೀರು ಹಾಕೋಕೆ. ಐದೇ ನಿಮಿಷ."

"ಅವರು ಊರಲ್ಲೇ ಇದ್ದಾರಲ್ಲ?"

ಸಮರ್ಥ್ ಇಂಚರಾಳ ಕಡೆ ತಿರುಗಿ ನೋಡಿದ.

"ಒಂದು ವಿಷಯ ನಂಗೆ ಅರ್ಥ ಆಗ್ಲಿಲ್ಲ ಕಣಪ್ಪ. ಕದಿಯೋಕೆ ಹೋದೋನು ಚಪ್ಪಲಿ ಯಾಕೆ ಹಾಕ್ಕೊಂಡೆ?"

"ಮತ್ತೆ ಅವರ ಮನೇಲಿ ಬೂಟಲ್ಲಿ ಓಡಾಡೋದಾ, ಸರ್?"

ಬಾಯಿಂದ ಬಿದ್ದ ಮಾತು ಅವನ ಕಿವಿಗೇ ಆಮೇಲೆ ತಲುಪಿತು. ಅಲ್ಲೇ ಗೋಡೆಗೆ ಒರಗಿದ. ಆಶ್ಚರ್ಯವೆಂದರೆ, ಹೆಗಲ ಮೇಲಿಂದ ಮೂಟೆ ಇಳಿಸಿದವನಂತೆ ಉಸಿರುಬಿಟ್ಟ.

"ಪುಸ್ತಕ ಎಲ್ಲಿ?"

"ದೇವರ ಮನೆ ಶೆಲ್ಫಲ್ಲಿದೆ. ಹರಿದು ಹಾಕೋಣ ಅಂತಲೇ ತಂದೆ. ಕೈ ಬರ್ಲಿಲ್ಲ. ಪುಸ್ತಕ ಅಲ್ವಾ, ಸರ್."

8 ಗಂಟೆ 40 ನಿಮಿಷಕ್ಕೆ ಬಂಧನ. ಬಾಗಿಲಲ್ಲಿ ನಿಂತ ಇಂಚರಾ, "ನಂಗೊಂದು ಮಾತು ಹೇಳ್ಬಾರ್ದಿತ್ತಾ?" ಎಂದಷ್ಟೇ ಕೇಳಿದಳು.

ಠಾಣೆಯಲ್ಲಿ ಅವನೇ ಹೇಳಿಕೆ ಕೊಟ್ಟ. ಎಂಟು ಎಂದಿದ್ದ ಹಿಂದಿನ ತಿಂಗಳ ಕಡತವನ್ನು ಐದು ಎಂದಿದ್ದ ಹೊಸದರ ಮೇಲೆ ಸೇವ್ ಮಾಡಿದ್ದು ಅವನೇ. ಬೇಕೆಂದು ಮಾಡಿದ ತಪ್ಪಲ್ಲ. ಪುಸ್ತಕ ವಿಚಾರಣೆಗೆ ಬಂದರೆ ಐದನ್ನು ಎಂಟು ಮಾಡಿದ್ದು ಯಾರೆಂದು ಹುಡುಕುತ್ತಾರೆ. ಹೇಳಿದರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ವೀಸಾದ ಮೇಲೆ ಈ ದೇಶದಲ್ಲಿ ಇರಬಹುದಾದದ್ದು ಅರವತ್ತೇ ದಿನ, ಹೆರಿಗೆಗೆ ಇದ್ದದ್ದು ನಲವತ್ತು. ಆ ಎರಡು ಅಂಕಿಗಳನ್ನು ಮೂರು ವಾರದಿಂದ ಕೂಡಿಸಿ ಕಳೆದು, ಕೊನೆಗೆ ಕೀ ಕೈಗೆತ್ತಿಕೊಂಡಿದ್ದ. ಮಧ್ಯಾಹ್ನ ಕೋರ್ಟಿನ ಸಮನ್ಸ್ ಕೊಟ್ಟು ಮನೆಗೆ ಕಳಿಸಿದರು. ಪುಸ್ತಕದ ಫೋಟೊ ತೆಗೆದುಕೊಂಡು, ಸಹಿ ಹಾಕಿಸಿಕೊಂಡು, ಗುರುವಾರ ಒಲೆನಾಗೆ ಹಿಂತಿರುಗಿಸಿದರು.

ಶುಕ್ರವಾರ ಮಧ್ಯಾಹ್ನ 3 ಗಂಟೆಗೆ ಒಲೆನಾ ಠಾಣೆಗೆ ಬಂದರು. ಮೊದಲ ಸಲ ಕೋಟಿನ ಗುಂಡಿ ಬಿಚ್ಚಿ ಕೂತರು.

"ಕೆಲಸ ಉಳಿಯಿತು. ಬ್ಯಾಂಕಿನವರು ಕ್ಷಮೆಯನ್ನೂ ಕೇಳಿದರು. ನಾನು ರೈಲಿನಲ್ಲಿ ಕೂತು ಅತ್ತೆ, ಆಮೇಲೆ ನಿದ್ದೆ ಮಾಡಿಬಿಟ್ಟೆ, ಇಳಿಯೋ ಸ್ಟೇಷನ್ನೇ ದಾಟಿಹೋಯ್ತು."

ಅನಿಕಾ ಜೋರಾಗಿ ನಕ್ಕಳು. ಸಮರ್ಥನ ಪರವಾಗಿ ಜಡ್ಜ್ ಮುಂದೆ ಮಾತಾಡಲು ಯಾರನ್ನು ಕೇಳಬೇಕು ಎಂದು ಒಲೆನಾ ವಿಚಾರಿಸಿದರು. ಮಂಜೇಶ್ ಪ್ರಾಸಿಕ್ಯೂಟರ್ ಕಚೇರಿಯ ನಂಬರ್ ಬರೆದುಕೊಟ್ಟ. ಆಮೇಲೆ ಅವರು ಹಸಿರು ಪುಸ್ತಕ ತೆರೆದು ಒಂದು ಪುಟ ತೋರಿಸಿದರು. 2023ರ ಏಪ್ರಿಲ್, ಸಮರ್ಥ್ ಕೆಲಸಕ್ಕೆ ಸೇರಿದ ದಿನ: 'ಇವನು ಮೂರು ವರ್ಷದೊಳಗೆ ನನ್ನ ಕುರ್ಚಿಗೆ ತಯಾರಾಗುತ್ತಾನೆ.' ಪಕ್ಕದ ಜಾಗ ಖಾಲಿ ಇತ್ತು.

"ಇದಕ್ಕೆ ತಪ್ಪು ಗುರುತು ಹಾಕೋದಲ್ವಾ?" ಅನಿಕಾ ಕೇಳಿದಳು.

"ಇನ್ನೂ ಹದಿನಾಲ್ಕು ತಿಂಗಳಿದೆ, ಮಗು" ಎಂದು ಒಲೆನಾ ಪುಸ್ತಕ ಮುಚ್ಚಿದರು. "ಅವಧಿ ಮುಗಿಯೋ ಮುಂಚೆ ನಾನು ಯಾವತ್ತೂ ಗುರುತು ಹಾಕಿಲ್ಲ."