ಜಲಜಾ ಟೀಚರ ಸೋಮವಾರದ ಪಾಠ

“ಇನ್‌ಸ್ಪೆಕ್ಟರ್ ಅಲ್ಲ ಮೇಡಂ ನಾನು... ಮಕ್ಕಳು ಕ್ಲಾಸಲ್ಲಿ ಹೇಗೆ ಮಾತಾಡ್ತಾರೆ, ಕನ್ನಡ ಹೇಗೆ ಕಲೀತಾರೆ ಅಂತ ಟೀಚರ್‌ಗಳ ಜೊತೆ ಕೂತು ತಿಳ್ಕೊಳ್ಳೋಕೆ ಬಂದಿದೀನಿ.”

ಟೇಪ್‌ರೆಕಾರ್ಡರನ್ನು ಎದೆಗವುಚಿಕೊಂಡು ಬಾಗಿಲಲ್ಲಿ ನಿಂತ ಸಂಶೋಧಕ ವೆಂಕಟಸ್ವಾಮಿಯನ್ನು ಕಂಡು ಜಲಜಾ ಕೈಯ ಬೆತ್ತವನ್ನು ಬೆನ್ನ ಹಿಂದೆ ಮರೆಮಾಡಿದಳು!

ಅದು ಎಂಬತ್ತನಾಲ್ಕನೆಯ ಇಸವಿ ಎಂದು ಈ ಕಥೆ ಹೇಳಿದವರೆಲ್ಲರೂ ಒಪ್ಪುತ್ತಾರೆ. ಗೋವಿಂದರಾಜನಗರದ ಆ ಶಾಲೆಯಲ್ಲಿ ಅವಳ ನಾಲ್ಕನೆಯ ತರಗತಿಗೆ ಮನೆಯಲ್ಲಿ ತೆಲುಗು, ತಮಿಳು ಆಡುವ ಮಕ್ಕಳೇ ಹೆಚ್ಚು. ಅವರು ಕನ್ನಡದಲ್ಲಿ ತೊದಲಿದರೆ ತನ್ನ ಮಾನವೇನಾದೀತು?

“ಸೋಮವಾರ ಬನ್ನಿ ಸಾರ್,” ಎಂದು ಅವನನ್ನು ಸಾಗಹಾಕಿದವಳೇ, ತಪಾಸಣೆಯ ದಿನಕ್ಕೆ ಮಾಡುವ ರೂಢಿಯಂತೆ, ಪ್ರಶ್ನೆ ಉತ್ತರಗಳೆರಡನ್ನೂ ಮಕ್ಕಳಿಗೆ ಬಾಯಿಪಾಠ ಮಾಡಿಸಿದಳು.

ಸೋಮವಾರದ ಪಾಠ ಅಂದವಾಗಿ ಮುಗಿಯಿತು. ಆಮೇಲೆ ಪ್ರತಿ ಶನಿವಾರ ಉಪಾಧ್ಯಾಯಿನಿಯರೆಲ್ಲ ಅವನೊಡನೆ ಕೂತು, ಒಬ್ಬೊಬ್ಬರ ಪಾಠದ ಟೇಪು ಕೇಳಿ ಚರ್ಚಿಸುವುದಾಯಿತು. ಅವನು ಒಮ್ಮೆ ನಕ್ಕರೆ ಜಲಜಾಳಿಗೆ ವಾರವಿಡೀ ಹಬ್ಬ. ಆದರೆ ಒಳಗೆ... ‘ಇಂಥವರಿಗೆ ಮೋಸ ಮಾಡಿದೆನಲ್ಲ!’

ಅವಳ ಟೇಪಿನ ಸರದಿ ಬಂದೇ ಬಂತು.

“ಗಿಡಕ್ಕೆ...” ಎಂದು ಟೇಪಿನ ಜಲಜಾ ಬಾಯಿ ತೆರೆಯುವಷ್ಟರಲ್ಲೇ, “ನೀರು, ಗಾಳಿ, ಬೆಳಕು ಮಿಸ್!” ಎಂಬ ಕೂಗು.

“ಏನೇ ಜಲಜಾ, ನಿನ್ನ ಮಕ್ಕಳು ಕಣಿ ಹೇಳ್ತಾರೇನೇ?” ಎಂದು ಹಿರಿಯ ಶಿವಗಂಗಮ್ಮ ಸೆರಗು ಬಾಯಿಗಿಟ್ಟು ನಕ್ಕರು. ಕೋಣೆ ಗೊಳ್ಳೆಂದಿತು. ವೆಂಕಟಸ್ವಾಮಿ ಟೇಪು ನಿಲ್ಲಿಸಿದ.

ಎರಡು ಶನಿವಾರ ಜಲಜಾ ತಲೆನೋವೆಂದು ತಪ್ಪಿಸಿಕೊಂಡಳು. ‘ಅವರ ಅಧ್ಯಯನವನ್ನೇ ಕೆಡಿಸಿದೆ. ಇನ್ನು ನನ್ನ ಮುಖ ಕಂಡರೂ ಅಸಹ್ಯಪಡುತ್ತಾರೆ...’

ಮೂರನೆಯ ಶನಿವಾರ, ಎಲ್ಲರೂ ಹೋದ ಮೇಲೆ, ಅವಳೇ ಅವನೆದುರು ನಿಂತಳು.

“ಎಲ್ಲಾ ಹೇಳಿಕೊಟ್ಟಿದ್ದೆ ಸಾರ್. ನನ್ನ ಮಕ್ಕಳಿಗೆ ಕನ್ನಡ ಬರಲ್ಲ ಅಂತ ನಾಚಿಕೆ ಆಗಿತ್ತು... ಈಗ ನನ್ನ ಬಗ್ಗೆನೇ ನಾಚಿಕೆ. ಆ ಟೇಪು ಅಳಿಸಿಬಿಡಿ. ನಾಳಿದ್ದು ನಿಜವಾದ ಪಾಠ ತಗೊಳ್ಳಿ. ತೊದಲಲಿ, ತೆಲುಗು ಬೆರೆಸಲಿ, ಪರವಾಗಿಲ್ಲ.”

ಅವನು ತಲೆ ತಗ್ಗಿಸಿದ. “ಮೊದಲ ದಿನವೇ ಗೊತ್ತಾಗಿತ್ತು ಜಲಜಾ ಅವರೇ.”

“ಮತ್ತೆ... ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನೀವು ಮತ್ತೆ ಮಾತೇ ಆಡ್ತಿರ್ಲಿಲ್ಲ. ನಿಮ್ಮನ್ನ ನೋಡೋಕೆ ನಂಗೆ ಶನಿವಾರ ಬೇಕಿತ್ತು. ನಿಮ್ಮ ಸರದಿ ತಪ್ಪಿಸಿದ್ರೆ ಎಲ್ಲರಿಗೂ ಅನುಮಾನ ಬರುತ್ತೆ ಅಂತ ಹೆದರಿ ಟೇಪು ಹಾಕ್ಬಿಟ್ಟೆ. ನಗೆಪಾಟಲಾಗಿದ್ದು ನೀವು, ತಪ್ಪು ನಂದು...”

ಜಲಜಾಳ ಕಣ್ಣು ತುಂಬಿತು. ಅಂದಿನಿಂದ ಕೊರೆಯುತ್ತಿದ್ದ ನಾಚಿಕೆಗೆ ಜೊತೆಯೊಂದು ಸಿಕ್ಕಿತ್ತು.

“ನಾಳೆ ಭಾನುವಾರ. ಅತ್ತಿಗುಪ್ಪೆಗೆ, ನಮ್ಮ ಮನೆಗೆ ಬನ್ನಿ. ಅಪ್ಪ ಇರ್ತಾರೆ,” ಎಂದಳು.

“ನಾಳೆನೇನಾ!”

“ಯಾಕೆ, ಭಯಾನಾ?”

“ಭಯಾನೇ ಕಣ್ರೀ... ಅಮ್ಮನ್ನೂ ಕರ್ಕೊಂಡು ಬರ್ಲಾ?”

“ಹೂಂ...” ಎಂದಳು ಜಲಜಾ, ಮೊದಲ ಬಾರಿಗೆ ಅವನ ಕಣ್ಣನ್ನು ನೇರವಾಗಿ ನೋಡುತ್ತ.