ಹಿಂದಕ್ಕೆ ಸರಿದಿದ್ದ ಸೀಟು

ಅಕ್ಟೋಬರ್ ಹದಿನಾಲ್ಕು, ಶನಿವಾರ. ಮಧ್ಯಾಹ್ನ 2.51ಕ್ಕೆ ಹೇಪೊ ಎಂಬ ಬಂದರು ಊರಿನ ಪೊಲೀಸ್ ಠಾಣೆಗೆ ಕಂಟ್ರೋಲ್ ರೂಮಿನಿಂದ ಒಂದು ದೂರು ಬಂತು. ದೂರು ಕೊಟ್ಟ ಗಂಡಸು ಹೆಸರು ಹೇಳಿರಲಿಲ್ಲ. "ಬಂದರಿನ ಮೇಲಿನ ಗುಡ್ಡದ ರಸ್ತೆ, ಬಿಳಿ ಕಾರು. ಹೆಂಗಸು ಕುಡಿದು ಓಡಿಸ್ತಾ ಇದ್ದಾಳೆ, ಬೇಗ ಬನ್ನಿ" ಎಂದಷ್ಟೇ ಹೇಳಿ ಫೋನ್ ಇಟ್ಟಿದ್ದ.

ಗಸ್ತಿನ ಜೀಪು ತಲುಪುವಷ್ಟರಲ್ಲಿ ಕಾರು ಹಿಂದಕ್ಕೆ ಜಾರಿ ಕಲ್ಲಿನ ಗೋಡೆಗೆ ಗುದ್ದಿ ನಿಂತಿತ್ತು. ಕಾರಿಗೂ ಗೋಡೆಗೂ ಮಧ್ಯೆ ಜಿನ್ ಓಖಿ ಎಂಬ ಐವತ್ತೆರಡರ ಹೆಂಗಸು ಸಿಕ್ಕಿಕೊಂಡಿದ್ದಳು. ಸ್ಟಿಯರಿಂಗ್ ಮುಂದೆ ಕೂತು ಕಿರುಚುತ್ತಿದ್ದವಳು ಅವಳ ಗೆಳತಿ, ಕಾರಿನ ಒಡತಿ ಬಾಂಗ್ ಮಿಸೊನ್. ಇಬ್ಬರೂ ಸೋಲ್ ನಗರದ ಒಂದೇ ಶಾಲೆಯ ಅಡುಗೆಮನೆಯಲ್ಲಿ ಕೆಲಸಕ್ಕಿದ್ದವರು. ಎರಡು ದಿನ ಸಮುದ್ರ ನೋಡಿಕೊಂಡು ಹೋಗೋಣವೆಂದು ಬಂದಿದ್ದರು.

ಕುಡಿದು ಗಾಡಿ ಓಡಿಸುವವರನ್ನು ಕಂಡರೆ ಇನ್ಸ್‌ಪೆಕ್ಟರ್ ಮಾ ಸಂಗಿಲ್‌ಗೆ ಮೈಯೆಲ್ಲ ಉರಿ. ಎಫ್‌ಐಆರ್ ಹಾಕಿಸಿ, ಮಿಸೊನ್‌ಳನ್ನು ಎದುರಿಗೆ ಕೂರಿಸಿಕೊಂಡ.

"ಎಷ್ಟು ಕುಡಿದ್ರಿ?"

"ಊಟದ ಜೊತೆ ಸೋಜು. ಇಬ್ಬರಿಂದ ಒಂದೂವರೆ ಬಾಟ್ಲು."

"ಆಮೇಲೆ ಸ್ಟಿಯರಿಂಗ್ ಹಿಡಿದ್ರಿ."

"ಹಿಡೀಲಿಲ್ಲ ಅಂತ ಎಷ್ಟು ಸಲ ಹೇಳ್ಲಿ ನಿಮಗೆ? ಬದಲಿ ಡ್ರೈವರ್‌ನ ಕರೆಸಿದ್ವಿ. ಲಾಡ್ಜ್ ಇನ್ನೂ ಮೇಲಿತ್ತು, ನಡು ರಸ್ತೇಲಿ ನಿಲ್ಸಿ ಇಳಿದು ಹೋದ. ಓಖಿ ಬ್ಯಾಗಾದ್ರೂ ಇಳಿಸ್ಕೊಳ್ಳೋಣ ಅಂತ ಹಿಂದಕ್ಕೆ ಹೋಗಿ ಡಿಕ್ಕಿ ತೆಗೆದ್ಲು. ಗಾಡಿ ಜಾರೋಕೆ ಶುರುವಾಯ್ತು. ಬ್ರೇಕ್ ಒತ್ತೋಣ ಅಂತ ಹಾರಿ ಒಳಗೆ ಕೂತೆ."

"ಒತ್ತಿದ್ರಾ?"

"ಕಾಲಿಗೆ ಸಿಗಲೇ ಇಲ್ಲ."

"ಕುಡಿದವರಿಗೆ ಯಾವ್ದು ತಾನೇ ಸಿಗುತ್ತೆ!"

ಮಿಸೊನ್ ಮೇಜಿಗೆ ಗುದ್ದಿದಳು. "ನನ್ನ ಜೈಲಿಗೆ ಹಾಕಿ, ಕೆಲಸ ಕಿತ್ಕೊಳ್ಳಿ. ಆದ್ರೆ ನಾನೇ ಓಖಿ ಮೇಲೆ ಗಾಡಿ ಹತ್ತಿಸ್ದೆ ಅಂತ ಬರೀಬೇಡಿ. ಅವಳು ಕಣ್ಣು ಬಿಟ್ಟಾಗ ಅದನ್ನ ಓದ್ಬೇಕಾ?"

ಓಖಿಯ ಸೊಂಟದ ಮೂಳೆ ಪುಡಿಯಾಗಿತ್ತು. ಅವಳು ಕಣ್ಣು ಬಿಡುವುದೇ ಇನ್ನೂ ಖಾತ್ರಿಯಿರಲಿಲ್ಲ.

ಬದಲಿ ಡ್ರೈವರ್ ಗು ದೇಸೊಕ್‌ನನ್ನು ಸಂಜೆ ಕರೆಸಿದರು. ಕುಡಿದವರು ಫೋನ್ ಮಾಡಿದರೆ ಬಂದು, ಅವರ ಕಾರಿನಲ್ಲೇ ಅವರನ್ನು ಮುಟ್ಟಿಸಿ ಹೋಗುವುದು ಇವನ ಕಸುಬು. ವಯಸ್ಸು ಐವತ್ತೈದರ ಆಸುಪಾಸು, ಬಾಗಿಲಲ್ಲಿ ತಲೆ ಬಗ್ಗಿಸಿ ಬರುವಷ್ಟು ಎತ್ತರ. ಹೇಳಿಕೆಯೂ ಚುಟುಕು.

"ಲಾಡ್ಜಿನ ಅಂಗಳದಲ್ಲೇ ಬಿಟ್ಟೆ ಸಾರ್. ಆಮೇಲೆ ಅವರೇ ಗಾಡಿ ತಗೊಂಡು ಎಲ್ಲಿಗೋ ಹೋಗಿ ವಾಪಸ್ ಬರ್ತಿದ್ರೇನೋ. ಕುಡಿದವರ ಕಥೆ ಗೊತ್ತಲ್ಲ."

ಮಾ ಸಂಗಿಲ್ ತಲೆಯಾಡಿಸಿ ಕಳಿಸಿಬಿಟ್ಟ. ಆ ತಪ್ಪು ಆಮೇಲೆ ಅವನನ್ನು ಚೆನ್ನಾಗಿ ಕಾಡಿತು.

ಭಾನುವಾರ ಬೆಳಗ್ಗೆ ಕಾರಿನ ಮಹಜರು. ಮುಂದಿನ ಗಾಜಿಗೆ ಅಂಟಿಸಿದ್ದ ಕ್ಯಾಮೆರಾದಲ್ಲಿ ಮೆಮೊರಿ ಕಾರ್ಡ್ ಇರಲಿಲ್ಲ. ಗೇರು ನ್ಯೂಟ್ರಲ್‌ನಲ್ಲಿತ್ತು, ಹ್ಯಾಂಡ್‌ಬ್ರೇಕ್ ಅರ್ಧ ಮಾತ್ರ ಎಳೆದಿತ್ತು. ಅಳತೆ ತೆಗೆಯಲೆಂದು ಕಾನ್‌ಸ್ಟೆಬಲ್ ಯೊಮ್ ಬೋರಾ ಡ್ರೈವರ್ ಸೀಟಿನಲ್ಲಿ ಕೂತಳು.

"ಸರ್, ಇಲ್ಲಿ ನೋಡಿ. ನನ್ನ ಕಾಲೇ ಬ್ರೇಕಿಗೆ ಸಿಗ್ತಿಲ್ಲ."

"ನೀನು ಕುಡಿದಿದ್ದೀಯಾ?"

"ನಿನ್ನೆ ಊಟಾನೇ ಸರಿಯಾಗಿ ಮಾಡಿಲ್ಲ, ಇನ್ನು ಕುಡಿಯೋದೆಲ್ಲಿ ಸರ್! ಸೀಟು ಪೂರ್ತಿ ಹಿಂದಕ್ಕೆ ಹೋಗಿದೆ. ಮಿಸೊನ್ ಅಕ್ಕ ನನ್ನ ಭುಜಕ್ಕೂ ಬರಲ್ಲ. ಹಿಂಗೆ ಕೂತು ಗಾಡಿ ಓಡಿಸೋಕಾಗುತ್ತಾ?"

ಮಾ ಸಂಗಿಲ್ ಬಾಗಿಲು ಹಿಡಿದು ನಿಂತುಬಿಟ್ಟ. ಇಲಾಖೆಯ ಪಾರ್ಟಿಗಳು ಮುಗಿದ ಮೇಲೆ ಅವನೂ ಎಷ್ಟೋ ಸಲ ಬದಲಿ ಡ್ರೈವರ್ ಕೈಗೆ ಕಾರು ಕೊಟ್ಟು ಮನೆಗೆ ಹೋದವನೇ. ಮಾರನೆಯ ದಿನ ಕೂತರೆ ಸೀಟು ಅವನ ಕಾಲಿನ ಅಳತೆಗೇ ಇರುತ್ತಿತ್ತು. ಕೆಲಸ ಮುಗಿಸಿದ ಬದಲಿ ಡ್ರೈವರ್ ಸೀಟನ್ನು ಮಾಲೀಕರ ಜಾಗಕ್ಕೆ ತಂದಿಟ್ಟೇ ಇಳಿಯುತ್ತಾನೆ. ಅದು ಆ ಕಸುಬಿನ ಮರ್ಯಾದೆ.

"ಹಾಗಾದ್ರೆ ಇವನು ಕೆಲಸಾನೇ ಮುಗಿಸಿಲ್ಲ," ಎಂದ. "ಬೋರಾ, ನಿನ್ನೆ ದೂರು ಕೊಟ್ಟ ನಂಬರ್ ಯಾರದ್ದು?"

ಯಾರೂ ನೋಡಿರಲಿಲ್ಲ. ಸಿಕ್ಕವಳು ಕುಡಿದಿದ್ದಳು, ಅಷ್ಟು ಸಾಕಾಗಿತ್ತು ಎಲ್ಲರಿಗೂ. ಬೋರಾ ತೆಗೆಸಿ ನೋಡಿದಳು. ನಂಬರ್ ಗು ದೇಸೊಕ್‌ನದೇ. ವಸಂತದಿಂದೀಚೆಗೆ ಅದೇ ನಂಬರಿನಿಂದ ಕುಡುಕ ಚಾಲಕರ ಮೇಲೆ ಇನ್ನೂ ಐದು ದೂರು ಬಂದಿದ್ದವು. ಐದಕ್ಕೆ ಐದೂ ಅವನದೇ ಗಿರಾಕಿಗಳು.

"ಥೂ!" ಎಂದು ಮಾ ಸಂಗಿಲ್ ಕಾರಿನ ಬಾಗಿಲನ್ನು ರಪ್ಪನೆ ಹಾಕಿದ. ಸಿಟ್ಟು ಆ ಡ್ರೈವರ್ ಮೇಲೋ ತನ್ನ ಮೇಲೋ ಬೋರಾಗೆ ತಿಳಿಯಲಿಲ್ಲ.

ಅಂದೇ ಗುಡ್ಡದ ರಸ್ತೆಗೆ ಅಡ್ಡಲಾಗಿ ಬ್ಯಾನರ್ ಕಟ್ಟಿಸಿದರು. ಶನಿವಾರ ಮಧ್ಯಾಹ್ನ ಇಲ್ಲಿ ಬಿಳಿ ಕಾರಿನ ಅಪಘಾತ ಕಂಡವರು ಠಾಣೆಗೆ ತಿಳಿಸಿ ಎಂದು. ಸೋಮವಾರ ಲಾಂಡ್ರಿಯವನೊಬ್ಬ ಫೋನ್ ಮಾಡಿದ. ಅವನ ವ್ಯಾನ್ ಅಲ್ಲೇ ಪಕ್ಕದಲ್ಲಿ ನಿಂತಿತ್ತು, ಅದರ ಕ್ಯಾಮೆರಾ ಎಲ್ಲವನ್ನೂ ಹಿಡಿದಿತ್ತು.

ಠಾಣೆಯಲ್ಲಿ ಎಲ್ಲರೂ ನಿಂತುಕೊಂಡೇ ನೋಡಿದರು. ಕಾರು ನಡು ಏರಿನಲ್ಲಿ ನಿಲ್ಲುತ್ತದೆ. ಗು ದೇಸೊಕ್ ಇಳಿದು ಕರೆಂಟು ಕಂಬದ ಹಿಂದೆ ಹೋಗಿ ಫೋನ್ ಕಿವಿಗಿಡುತ್ತಾನೆ. ಆಗಿನ್ನೂ ಹೆಂಗಸರಿಬ್ಬರೂ ರಸ್ತೆಯಲ್ಲೇ ನಿಂತಿದ್ದಾರೆ. ಸ್ಟಿಯರಿಂಗ್ ಮುಂದೆ ಯಾರೂ ಇಲ್ಲ. ಓಖಿ ಹಿಂದಕ್ಕೆ ಹೋಗಿ ಡಿಕ್ಕಿ ತೆಗೆಯುತ್ತಾಳೆ. ಕಾರು ಜಾರುತ್ತದೆ. ಮಿಸೊನ್ ಓಡಿ ಬಂದು ಒಳಗೆ ಹಾರುತ್ತಾಳೆ. ಗೋಡೆ. ಕಂಬದ ಹಿಂದಿನವನು ಒಂದು ಹೆಜ್ಜೆ ಮುಂದಿಟ್ಟು, ನಿಂತು, ತಿರುಗಿ ಇಳಿಜಾರಿನಲ್ಲಿ ನಡೆದು ಹೋಗುತ್ತಾನೆ. ಓಡುವುದೂ ಇಲ್ಲ.

"ನಡೆದುಕೊಂಡು ಹೋದ ಸರ್," ಎಂದಳು ಬೋರಾ. "ನಡೆದುಕೊಂಡು!"

ಬಂದರಿನ ಅಂಗಡಿಯೊಂದರ ಮುಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಮುಂದಿನ ಗಿರಾಕಿಗೆ ಕಾಯುತ್ತ ಗು ದೇಸೊಕ್ ಕಪ್ ನೂಡಲ್ಸ್ ತಿನ್ನುತ್ತಿದ್ದ.

"ಇದೊಂದು ಮುಗಿಸ್ತೀನಿ ಸಾರ್."

"ಮುಗಿಸಿದ್ದು ಸಾಕು. ಏಳು."

ಅವನ ಜೇಬಿನಲ್ಲಿ ಕಾರಿನ ಕ್ಯಾಮೆರಾದ ಮೆಮೊರಿ ಕಾರ್ಡ್ ಸಿಕ್ಕಿತು. ಪಂಚರ ಎದುರಿನಲ್ಲೇ ಜಪ್ತಿ ಮಾಡಿ ಠಾಣೆಗೆ ತಂದರು.

"ನ್ಯೂಟ್ರಲ್‌ಗೆ ಯಾಕೆ ಹಾಕ್ದೆ?"

"ಅಭ್ಯಾಸ ಸಾರ್. ಅಪಾರ್ಟ್‌ಮೆಂಟಲ್ಲಿ ಇನ್ನೊಬ್ಬರ ಗಾಡಿಗೆ ಅಡ್ಡ ನಿಲ್ಸಿದ್ರೆ ಎಲ್ಲರೂ ಹಂಗೇ ಬಿಡ್ತೀವಲ್ಲ, ಬೇಕಾದವರು ತಳ್ಳಿಕೊಳ್ಳಲಿ ಅಂತ. ಅಡ್ಡ ನಿಲ್ಸೋವಾಗ ಕೈ ತಾನಾಗೇ ಹೋಗುತ್ತೆ."

"ಅದು ಸಮತಟ್ಟು ನೆಲದಲ್ಲಿ ಕಣೋ! ಗುಡ್ಡದ ಮೇಲಲ್ಲ!"

"ಯಾರಿಗೂ ಏಟು ಬೀಳ್ಲಿ ಅಂತಿರ್ಲಿಲ್ಲ. ಅವಳು ಗಾಡಿ ಪಕ್ಕಕ್ಕೆ ಹಾಕೋಕೆ ಕೂರ್ತಾಳೆ, ನೀವು ಬಂದು ಹಿಡೀತೀರ, ಅಷ್ಟೇ ಅಂದ್ಕೊಂಡಿದ್ದೆ. ಹಿಂದೆಲ್ಲ ಅಷ್ಟೇ ಆಗಿತ್ತು."

"ಕಿರುಚಿದ್ದು ಕೇಳಿಸ್ತಲ್ಲ. ವಾಪಸ್ ಯಾಕೆ ಬರಲಿಲ್ಲ?"

ಗು ದೇಸೊಕ್ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿದ.

"ಆ ಹೆಂಗಸರು ನಿನಗೆ ಏನು ಮಾಡಿದ್ರು? ಬೈದ್ರಾ?"

"ಬೈದಿದ್ರೆ ಪರವಾಗಿರ್ಲಿಲ್ಲ. ಅವತ್ತು ಬೆಳಗ್ಗೆ ಒಬ್ಬ ಸೀಟಿನ ಮೇಲೆ ಪ್ಲಾಸ್ಟಿಕ್ ಹಾಸಿ, ಇದರ ಮೇಲೆ ಕೂತ್ಕೊಂಡು ಓಡ್ಸು ಅಂದಿದ್ದ. ಅದನ್ನೂ ನುಂಗಿಕೊಂಡೆ. ಇವರು ದಾರಿಯುದ್ದಕ್ಕೂ ಹಿಂದಿನ ಸೀಟಲ್ಲಿ ನಗ್ತಾನೇ ಇದ್ರು."

"ನಿನ್ನನ್ನ ನೋಡಿ?"

"ಇನ್ಯಾರನ್ನ? ಗಾಡೀಲಿ ಇನ್ಯಾರಿದ್ರು?"

ಬುಧವಾರ ಓಖಿಗೆ ಪ್ರಜ್ಞೆ ಬಂತು. ಮಾ ಸಂಗಿಲ್ ಹೇಳಿಕೆ ಪಡೆಯಲು ಆಸ್ಪತ್ರೆಗೆ ಹೋದಾಗ ಮಿಸೊನ್ ಅಲ್ಲೇ ಕೂತಿದ್ದಳು, ಎದ್ದು ನಿಲ್ಲಲಿಲ್ಲ. ನಿಮ್ಮ ಮೇಲಿನ ಕೇಸು ಕೈಬಿಟ್ಟಿದ್ದೇವೆ ಎಂದು ಅವಳಿಗೆ ಹೇಳಿದ. ತಪ್ಪಾಯಿತು ಎಂದು ಸೊಂಟ ಬಗ್ಗಿಸಿದ. ಅದಕ್ಕೂ ಅವಳ ಮುಖ ಸಡಿಲವಾಗಲಿಲ್ಲ.

"ಕಾರಲ್ಲಿ ತುಂಬಾ ನಗ್ತಿದ್ರಂತೆ. ಯಾಕೆ?" ಎಂದು ಓಖಿಯನ್ನು ಕೇಳಿದ.

ಓಖಿಗೆ ಮಾತು ಕಷ್ಟವಾಗಿತ್ತು. "ಕೈ ಎಲ್ಲಿ ಇಟ್ಕೋಬೇಕು ಅಂತ ಗೊತ್ತಾಗ್ಲಿಲ್ಲ ಸಾಹೇಬ್ರೆ. ಯಾರೋ ಊಟ ಬಡಿಸಿದ್ರು. ಯಾರೋ ಗಾಡಿ ಓಡಿಸ್ತಿದ್ರು. ದಿನಾ ಬೇರೆಯವರಿಗೆ ಬಡಿಸೋ ನಾವು ಸುಮ್ನೆ ಕೂತಿದ್ವಿ. ಇವಳು ಕೈನ ತೊಡೆ ಮೇಲಿಡ್ತಾಳೆ, ತೆಗೀತಾಳೆ, ಮತ್ತೆ ಇಡ್ತಾಳೆ. ನಾನೂ ಹಂಗೇ. ಅದಕ್ಕೇ ನಗು ತಡೀಲಿಲ್ಲ."

ಠಾಣೆಗೆ ಮರಳಿದ ಮಾ ಸಂಗಿಲ್ ನೇರವಾಗಿ ಲಾಕಪ್ಪಿಗೆ ಹೋಗಿ ಆ ಮಾತನ್ನು ಇದ್ದದ್ದು ಇದ್ದಂತೆ ಹೇಳಿದ. ಗು ದೇಸೊಕ್ ಕಂಬಿ ಹಿಡಿದು ಕೇಳಿಸಿಕೊಂಡ.

"ಹಂಗಂತ ನನಗೆ ಒಂದು ಮಾತು ಹೇಳ್ಬಹುದಿತ್ತಲ್ಲ ಸಾರ್."

ಮಾ ಸಂಗಿಲ್ ತನ್ನ ಮೇಜಿಗೆ ಹೋಗಿ ದೋಷಾರೋಪ ಪಟ್ಟಿ ಬರೆಯಲು ಕೂತ. ಕೃತ್ಯಕ್ಕೆ ಪ್ರೇರಣೆ ಏನೆಂದು ನಮೂದಿಸುವ ಕಡೆ ಪೆನ್ನು ತುಸು ನಿಂತಿತು. ಆಮೇಲೆ ಬರೆದ: ಹಿಂದಿನ ಸೀಟಿನಲ್ಲಿದ್ದವರ ನಗು. ಅದು ಆರೋಪಿಯನ್ನು ಕುರಿತದ್ದಾಗಿರಲಿಲ್ಲ.